ಸೆಕ್ರೆಟೇರಿಯಟ್‌ನ ಹೃದಯವನ್ನು ತೂಗಿದವರು ಯಾರು?

ಪ್ರಶ್ನೆ: ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಚರಿತ್ರೆಯಲ್ಲಿ ಹೆಸರು ಮಾಡಿದ ರೇಸ್ ಕುದುರೆಗಳು ಮತ್ತು ಓಟಗಾರರ ಬಗ್ಗೆ ನಮ್ಮ ಮಕ್ಕಳು ಓದುವಂಥ ನೂರು ಪುಟದ ಕನ್ನಡ ಪುಸ್ತಕ ಬರೆಯುತ್ತಿದ್ದೇನೆ. ಇಂಗ್ಲಿಷ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಮೆರಿಕದ ಸೆಕ್ರೆಟೇರಿಯಟ್ ಕುದುರೆಯ ಹೃದಯ ಹತ್ತು ಕಿಲೊ ಇತ್ತು ಎಂದು ಒಂದರಲ್ಲಿದೆ, ಅದನ್ನು ತೂಗಲೇ ಇಲ್ಲ ಎಂದು ಇನ್ನೊಂದರಲ್ಲಿ. ಆಸ್ಟ್ರೇಲಿಯಾದ ಫಾರ್ ಲ್ಯಾಪ್‌ಗೆ ವಿಷ ಹಾಕಿದರು ಎಂದು ಕೆಲವರು, ಇಲ್ಲ ಎಂದು ಕೆಲವರು. ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್‌ಗೆ ಹಿಟ್ಲರ್ ಕೈಕುಲುಕಲಿಲ್ಲ, ಮಿಲ್ಖಾ ಸಿಂಗ್ ಹಿಂದೆ ತಿರುಗಿ ನೋಡಿ ಪದಕ ಕಳೆದುಕೊಂಡರು ಎಂಬಂಥ ಕತೆಗಳು ಮಕ್ಕಳಿಗೆ ಬಹಳ ಇಷ್ಟ. ಅವನ್ನು ಬಿಟ್ಟರೆ ಪುಸ್ತಕ ಸಪ್ಪೆಯಾಗುತ್ತದೇನೋ ಎಂಬ ಭಯ. ಯಾವುದನ್ನು ನಂಬಲಿ? ಅನುಮಾನದ ಕತೆಗಳನ್ನು ಏನು ಮಾಡಲಿ? ಫರ್ಲಾಂಗ್, ಸ್ಟೋನ್, ಹ್ಯಾಂಡ್ ಲೆಕ್ಕಗಳನ್ನು ಹೇಗೆ ಬದಲಿಸಲಿ? ನಮ್ಮ ಕಂಬಳದ ಓಟಗಾರನನ್ನು ಸೇರಿಸಬಹುದೇ?

ಉತ್ತರ: ನಿಮ್ಮ ಚಿಂತೆ ಎರಡು ಎಳೆಗಳದ್ದು. ಪುಸ್ತಕಗಳು ಪರಸ್ಪರ ಹೊಂದದಿದ್ದಾಗ ಯಾವುದು ಸರಿ ಎಂದು ಕಂಡುಕೊಳ್ಳುವುದು ಒಂದು. ಸರಿಯಾದದ್ದನ್ನೇ ಬರೆದರೆ ಮಕ್ಕಳಿಗೆ ಬೇಸರವಾದೀತೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೇಸರವಾಗುವುದಿಲ್ಲ. ನೀವು ಹೆಸರಿಸಿರುವ ಪ್ರತಿ ಕತೆಯಲ್ಲೂ ನಿಜವಾಗಿ ನಡೆದದ್ದು ದಂತಕತೆಗಿಂತ ಸ್ವಾರಸ್ಯವಾಗಿದೆ.

ಕ್ರೀಡಾ ಜೀವನಚರಿತ್ರೆಗಳನ್ನು ತಿದ್ದುವ, ಅವುಗಳ ಅಂಕಿಗಳನ್ನು ಪರಿಶೀಲಿಸುವ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವುದೇನೆಂದರೆ, ಲೇಖಕರು ಬೇಕೆಂದೇ ಸುಳ್ಳು ಬರೆಯುವುದು ಬಹಳ ಅಪರೂಪ. ತಪ್ಪು ನುಸುಳುವ ಜಾಗಗಳು ಬೇರೆ. ಒಬ್ಬರು ಅಂದಾಜು ಹೇಳಿರುತ್ತಾರೆ, ಮುಂದಿನ ಪುಸ್ತಕದಲ್ಲಿ ಅದು ಅಳತೆಯಾಗುತ್ತದೆ. ಮೂವತ್ತು ವರ್ಷದ ಮೇಲೆ ನೆನಪಿನಿಂದ ಹೇಳಿದ ಮಾತು ಕಣ್ಣಾರೆ ಕಂಡ ಸಾಕ್ಷ್ಯವಾಗುತ್ತದೆ. ಹಳೆಯ ಮುದ್ರಣದ ಅಂಕಿ ಆಮೇಲೆ ಅಧಿಕೃತವಾಗಿ ಬದಲಾಗಿದ್ದರೂ ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ. ಹಾಗಾಗಿ ಯಾವ ಅಂಕಿ, ಯಾವ ಘಟನೆ ಎದುರಾದರೂ ಮೂರು ಪ್ರಶ್ನೆ ಕೇಳಿ: ಯಾರು ಅಳೆದರು ಅಥವಾ ನೋಡಿದರು, ಯಾವಾಗ, ಯಾವುದರಿಂದ? ಉತ್ತರ ಪುಸ್ತಕದ ಒಳಗಾಗಲಿ ಕೊನೆಯ ಟಿಪ್ಪಣಿಗಳಲ್ಲಾಗಲಿ ಸಿಗದಿದ್ದರೆ ಆ ಸಾಲನ್ನು ಪಕ್ಕಕ್ಕಿಡಿ.

ಹೃದಯದ ಕತೆಯನ್ನೇ ಹೀಗೆ ಬಿಡಿಸಿ ನೋಡೋಣ. ಸೆಕ್ರೆಟೇರಿಯಟ್ 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್, ಅಂದರೆ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಎಂಬ ಮೂರು ದೊಡ್ಡ ಓಟಗಳನ್ನು ಗೆದ್ದ ಕುದುರೆ. 1989ರ ಅಕ್ಟೋಬರ್ 4ರಂದು ಕೆಂಟಕಿಯ ಕ್ಲೇಬೋರ್ನ್ ಫಾರಂನಲ್ಲಿ, ಲ್ಯಾಮಿನೈಟಿಸ್ ಎಂಬ ಗೊರಸಿನ ಕಾಯಿಲೆ ವಾಸಿಯಾಗದೆ, ಅದಕ್ಕೆ ದಯಾಮರಣ ಕೊಟ್ಟರು. ಮರಣೋತ್ತರ ಪರೀಕ್ಷೆ ಮಾಡಿದ ಪಶುವೈದ್ಯ ಥಾಮಸ್ ಸ್ವೆರ್ಜೆಕ್ ಅದರ ಹೃದಯ ತಾವು ನೋಡಿದವುಗಳಲ್ಲೆಲ್ಲ ದೊಡ್ಡದು, ರೋಗದಿಂದ ಊದಿಕೊಂಡದ್ದಲ್ಲ, ಆರೋಗ್ಯವಾಗಿಯೇ ದೊಡ್ಡದು ಎಂದರು. ಆದರೆ ತಕ್ಕಡಿಗೆ ಹಾಕಲಿಲ್ಲ. 1973ರ ಡರ್ಬಿಯಲ್ಲಿ ಅದರ ಹಿಂದೆಯೇ ಎರಡನೆಯದಾಗಿ ಬಂದಿದ್ದ ಶ್ಯಾಮ್ ಎಂಬ ಕುದುರೆ 1993ರಲ್ಲಿ ಸತ್ತಾಗ ಅದರ ಹೃದಯವನ್ನು ಅವರೇ ತೂಗಿದರು: 18 ಪೌಂಡ್, ಅಂದರೆ 8 ಕಿಲೊ ದಾಟುತ್ತದೆ. ಸೆಕ್ರೆಟೇರಿಯಟ್‌ನದು ಇದಕ್ಕಿಂತ ದೊಡ್ಡದಿತ್ತು ಎಂಬ ನೆನಪಿನ ಮೇಲೆ 22 ಪೌಂಡ್, ಅಂದರೆ 10 ಕಿಲೊ ಇದ್ದಿರಬಹುದು ಎಂದು ಅಂದಾಜಿಸಿದರು. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆಯ ಸಾಮಾನ್ಯ ಹೃದಯ 4 ಕಿಲೊ ಆಸುಪಾಸು.

ಆದ್ದರಿಂದ ನಿಮ್ಮ ಎರಡು ಪುಸ್ತಕಗಳೂ ಪೂರ್ತಿ ತಪ್ಪಲ್ಲ. "ತೂಗಿದಾಗ 10 ಕಿಲೊ ಇತ್ತು" ಎಂಬ ಸಾಲು ಮಾತ್ರ ತಪ್ಪು. "ಪರೀಕ್ಷಿಸಿದ ವೈದ್ಯರ ಅಂದಾಜು 10 ಕಿಲೊ, ತೂಗಿರಲಿಲ್ಲ" ಎಂದು ಬರೆದರೆ ಸರಿ. ಮುದ್ರಣದ ವರ್ಷವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಕುದುರೆಯ ಬಗ್ಗೆ ವಿಲಿಯಂ ನ್ಯಾಕ್ ಬರೆದ ಹೆಸರಾಂತ ಜೀವನಚರಿತ್ರೆ ಮೊದಲು ಬಂದದ್ದು 1975ರಲ್ಲಿ, ಕುದುರೆ ಬದುಕಿದ್ದಾಗ. ಆ ಮುದ್ರಣದಲ್ಲಿ ಹೃದಯದ ವಿಷಯ ಇರಲು ಸಾಧ್ಯವೇ ಇಲ್ಲ. ಯಾರಾದರೂ ಅದೇ ಮುದ್ರಣವನ್ನು ತೋರಿಸಿ ತೂಕ ಹೇಳಿದ್ದರೆ ಅವರು ಆ ಪುಸ್ತಕ ತೆರೆದಿಲ್ಲ ಎಂದೇ ಅರ್ಥ. ದೊಡ್ಡ ಹೃದಯ ಎಕ್ಸ್ ಕ್ರೋಮೊಸೋಮ್ ಮೂಲಕ ತಾಯಿಯ ಕಡೆಯಿಂದ ಬರುತ್ತದೆ ಎಂಬ ವಾದವನ್ನೂ ಕೆಲವು ಪುಸ್ತಕಗಳು ಸಿದ್ಧಸತ್ಯದಂತೆ ಹೇಳುತ್ತವೆ. ಅದಿನ್ನೂ ಊಹೆ. ಮಕ್ಕಳ ಪುಸ್ತಕಕ್ಕೆ ಬೇಡ.

ಇದೇ ಕುದುರೆಯ ಪ್ರೀಕ್‌ನೆಸ್ ಓಟದ ಕಾಲವನ್ನೂ ನೋಡಿಕೊಳ್ಳಿ. ಅಂದು ಮೈದಾನದ ಎಲೆಕ್ಟ್ರಾನಿಕ್ ಗಡಿಯಾರ 1 ನಿಮಿಷ 55 ಸೆಕೆಂಡ್ ತೋರಿಸಿತು. ಓಟ ನಡೆದ ಪಿಮ್ಲಿಕೊ ಮೈದಾನದ ಕಾಲಮಾಪಕರು ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನಲ್ಲಿ 1:54.4 ಇತ್ತು. ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯವರು 1:53.4 ಎಂದರು. ಅಧಿಕೃತವಾಗಿ ಉಳಿದದ್ದು ನಡುವಿನದು. 2012ರಲ್ಲಿ ಮೇರಿಲ್ಯಾಂಡ್ ರೇಸಿಂಗ್ ಕಮಿಷನ್ ಹಳೆಯ ಚಿತ್ರೀಕರಣವನ್ನು ಮತ್ತೆ ಪರಿಶೀಲಿಸಿ 1:53 ಎಂದು ತೀರ್ಮಾನಿಸಿತು. ಹಾಗಾಗಿ 2012ಕ್ಕೆ ಮುಂಚಿನ ಪುಸ್ತಕದಲ್ಲಿ 1:54.4 ಇದ್ದರೆ ಅದು ಆ ಕಾಲಕ್ಕೆ ಸರಿ. ಇವತ್ತು ನೀವು ಅದನ್ನೇ ಬರೆದರೆ ತಪ್ಪು. ಇಂಥದ್ದೇ ಇನ್ನೊಂದು ಜಿಮ್ ಥೋರ್ಪ್ ಅವರದು. 1912ರ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಗೆದ್ದವರು. ಮುಂಚೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂದು 1913ರಲ್ಲಿ ಪದಕ ಕಿತ್ತುಕೊಂಡರು. 1980ರ ದಶಕದಲ್ಲಿ ಜಂಟಿ ವಿಜೇತರೆಂದು ಹಿಂದಿರುಗಿಸಿದರು. 2022ರಲ್ಲಷ್ಟೇ ಅವರನ್ನು ಏಕೈಕ ವಿಜೇತರೆಂದು ಒಪ್ಪಿದರು. 2022ಕ್ಕಿಂತ ಹಳೆಯ ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ಈ ಒಂದು ಸಾಲಿಗೆ ಅದನ್ನು ನಂಬುವಂತಿಲ್ಲ.

ಫಾರ್ ಲ್ಯಾಪ್ ವಿಚಾರ ಇನ್ನಷ್ಟು ಜಟಿಲ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಓಡಿದ ಈ ಕುದುರೆ 51 ಓಟಗಳಲ್ಲಿ 37 ಗೆದ್ದಿತು, ಅದರಲ್ಲಿ 1930ರ ಮೆಲ್ಬರ್ನ್ ಕಪ್ ಸೇರಿದೆ. 1932ರ ಮಾರ್ಚ್ 20ರಂದು ಮೆಕ್ಸಿಕೊದ ಅಗ್ವಾ ಕಲಿಯೆಂಟೆಯಲ್ಲಿ ಗೆದ್ದು, ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಹೊಟ್ಟೆನೋವಿನಿಂದ ಒದ್ದಾಡಿ ಸತ್ತಿತು. ಅಮೆರಿಕದ ಜೂಜು ದಂಧೆಯವರೇ ವಿಷ ಹಾಕಿಸಿದರು ಎಂಬುದು ಆಸ್ಟ್ರೇಲಿಯಾದಲ್ಲಿ ಮನೆಮನೆಯ ಮಾತು. ಮೆಲ್ಬರ್ನ್ ಮ್ಯೂಸಿಯಂನಲ್ಲಿರುವ ಅದರ ಚರ್ಮದಿಂದ ಕೆಲವು ಕೂದಲೆಳೆ ತೆಗೆದು, ಸಿಂಕ್ರೊಟ್ರಾನ್ ಎಂಬ ತೀವ್ರ ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಸಾಯುವ ಸುಮಾರು 30–40 ಗಂಟೆ ಮೊದಲು ದೊಡ್ಡ ಪ್ರಮಾಣದಲ್ಲಿ ಆರ್ಸೆನಿಕ್ ಎಂಬ ವಿಷ ದೇಹ ಸೇರಿತ್ತು ಎಂದು 2008ರಲ್ಲಿ ತಿಳಿಸಿದರು. ಚರ್ಮ ಕೆಡದಂತೆ ಹದ ಮಾಡುವಾಗ ಹಚ್ಚುವ ಆರ್ಸೆನಿಕ್ ಬೇರೆ, ರಕ್ತದಿಂದ ಕೂದಲಿನ ಬುಡ ಸೇರಿದ್ದು ಬೇರೆ. ಕೂದಲಿನೊಳಗೆ ಅದು ಹರಡಿರುವ ರೀತಿ ನೋಡಿ ಇವೆರಡನ್ನು ಬೇರ್ಪಡಿಸಿದರು.

ಇದರಿಂದ ಏನು ಸಾಬೀತಾಯಿತು? ಆರ್ಸೆನಿಕ್ ಒಳಗೆ ಹೋಗಿತ್ತು ಎಂಬಷ್ಟೇ. ಯಾರು ಕೊಟ್ಟರು, ಬೇಕೆಂದು ಕೊಟ್ಟರೋ ತಪ್ಪಿ ಹೋಯಿತೋ ಎಂಬುದು ಕೂದಲಿನಲ್ಲಿ ಬರೆದಿರುವುದಿಲ್ಲ. ಆ ಕಾಲದಲ್ಲಿ ಕುದುರೆಗೆ ಹಸಿವು ಹೆಚ್ಚಿಸಲು, ಮೈ ಮಿರುಗಲು ಆರ್ಸೆನಿಕ್ ಬೆರೆಸಿದ ಟಾನಿಕ್ ಕೊಡುವುದು ಎಲ್ಲ ಲಾಯಗಳಲ್ಲೂ ವಾಡಿಕೆ. ಫಾರ್ ಲ್ಯಾಪ್‌ನ ಟ್ರೇನರ್ ಹ್ಯಾರಿ ಟೆಲ್ಫರ್ಡ್ ಅವರ ಟಾನಿಕ್ ಪುಸ್ತಕ ಈಗ ವಿಕ್ಟೋರಿಯಾದ ಮ್ಯೂಸಿಯಂ ಬಳಿ ಇದೆ. ಅದರ ಮದ್ದುಗಳಲ್ಲಿ ಆರ್ಸೆನಿಕ್ ಇದೆ, ಸ್ಟ್ರಿಕ್ನಿನ್ ಎಂಬ ಇನ್ನೊಂದು ವಿಷವೂ ಇದೆ. ಪ್ರಮಾಣ ತಪ್ಪಿದರೆ ಮದ್ದೇ ವಿಷ. ಇನ್ನೊಂದು ಕಡೆ, ರೋಗಲಕ್ಷಣಗಳನ್ನು ಓದಿದ ಕೆಲವು ಪಶುವೈದ್ಯರು ಇದು ಸಣ್ಣಕರುಳಿನ ಮೇಲ್ಭಾಗಕ್ಕೆ ಬರುವ ತೀವ್ರ ಉರಿಯೂತ ಇದ್ದಿರಬೇಕು ಎಂದಿದ್ದಾರೆ. ನಿಮ್ಮ ಪುಸ್ತಕದಲ್ಲಿ ಕೊಲೆ ಎಂಬ ಪದ ಬರಕೂಡದು. "ಆರ್ಸೆನಿಕ್ ಸಿಕ್ಕಿದೆ, ಹೇಗೆ ಬಂತು ಎಂಬುದಕ್ಕೆ ಉತ್ತರವಿಲ್ಲ" ಎಂದು ಬರೆದು, ಆ ಕೂದಲಿನ ಪರೀಕ್ಷೆಯನ್ನು ಅರ್ಧ ಪುಟ ವಿವರಿಸಿ. ಎಂಟನೇ ತರಗತಿಯ ಮಕ್ಕಳು ಅದನ್ನು ಪತ್ತೇದಾರಿ ಕತೆಯಂತೆಯೇ ಓದುತ್ತಾರೆ. ಫಾರ್ ಲ್ಯಾಪ್‌ನ ದೇಹ ಮೂರು ಊರಿನಲ್ಲಿದೆ ಎಂಬುದನ್ನೂ ಸೇರಿಸಿ: ಚರ್ಮ ಮೆಲ್ಬರ್ನ್‌ನಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ, 6 ಕಿಲೊ ದಾಟುವ ಹೃದಯ ಕ್ಯಾನ್‌ಬೆರಾದಲ್ಲಿ.

ಇನ್ನು ಮನುಷ್ಯರ ಕಡೆಗೆ. ಬರ್ಲಿನ್ ಒಲಿಂಪಿಕ್ಸ್ ಸ್ಪರ್ಧೆಗಳ ಮೊದಲ ದಿನ, 1936ರ ಆಗಸ್ಟ್ 2ರಂದು, ಗೆದ್ದ ಜರ್ಮನ್ ಮತ್ತು ಫಿನ್ನಿಷ್ ಕ್ರೀಡಾಪಟುಗಳನ್ನು ಹಿಟ್ಲರ್ ಕರೆಸಿ ಅಭಿನಂದಿಸಿದ. ಅಂದು ಸಂಜೆ ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದವರು ಅಮೆರಿಕದ ಕಪ್ಪು ಕ್ರೀಡಾಪಟು ಕಾರ್ನೀಲಿಯಸ್ ಜಾನ್ಸನ್. ಅವರನ್ನು ಗೌರವಿಸುವ ಹೊತ್ತಿಗೆ ಹಿಟ್ಲರ್ ಎದ್ದು ಹೋಗಿದ್ದ. ಕರೆದರೆ ಎಲ್ಲರನ್ನೂ ಕರೆಯಬೇಕು, ಇಲ್ಲವೇ ಯಾರನ್ನೂ ಕರೆಯಬಾರದು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಬೈಯೆ-ಲಾತೂರ್ ಹೇಳಿದ ಮೇಲೆ, ಸಾರ್ವಜನಿಕವಾಗಿ ಯಾರನ್ನೂ ಅಭಿನಂದಿಸುವುದು ನಿಂತಿತು. ಜೆಸ್ಸಿ ಓವೆನ್ಸ್ ತಮ್ಮ ಮೊದಲ ಚಿನ್ನ ಗೆದ್ದದ್ದು ಮರುದಿನ, ಆಗಸ್ಟ್ 3ರಂದು. ಹಾಗಾಗಿ ಓವೆನ್ಸ್ ಒಬ್ಬರನ್ನೇ ಗುರಿಯಿಟ್ಟು ಅವಮಾನ ಮಾಡಿದ ಎಂಬುದು ದಿನಾಂಕಕ್ಕೇ ಹೊಂದುವುದಿಲ್ಲ. ಊರಿಗೆ ಮರಳಿದ ಮೇಲೆ ಸ್ವತಃ ಓವೆನ್ಸ್, ತಮ್ಮನ್ನು ಕಡೆಗಣಿಸಿದ್ದು ಹಿಟ್ಲರ್ ಅಲ್ಲ, ಒಂದು ತಂತಿಯನ್ನೂ ಕಳಿಸದ ತಮ್ಮದೇ ಅಧ್ಯಕ್ಷ ರೂಸ್‌ವೆಲ್ಟ್ ಎಂಬರ್ಥದಲ್ಲಿ ಭಾಷಣ ಮಾಡಿದ್ದರು.

ಇದನ್ನು ಬರೆಯುವಾಗ ಒಂದು ಎಚ್ಚರ ಬೇಕು. "ಹಿಟ್ಲರ್ ಓವೆನ್ಸ್‌ಗೆ ಅವಮಾನ ಮಾಡಲಿಲ್ಲ" ಎಂದು ಒಂದೇ ಸಾಲು ಬರೆದು ಬಿಟ್ಟರೆ ಹಿಟ್ಲರ್ ಒಳ್ಳೆಯವನಿದ್ದ ಎಂದು ಮಗು ಓದಿಕೊಳ್ಳುತ್ತದೆ. ಜಾನ್ಸನ್ ಅವರ ಸಂಜೆಯನ್ನು ತಪ್ಪದೆ ಹೇಳಿ. ಆ ಆಡಳಿತ ಯೆಹೂದಿ ಕ್ರೀಡಾಪಟುಗಳನ್ನು ಕ್ಲಬ್ಬುಗಳಿಂದ ಹೊರದಬ್ಬಿತ್ತು ಎಂಬುದನ್ನೂ ಹೇಳಿ. ಓವೆನ್ಸ್ ಸ್ವದೇಶದಲ್ಲೂ ಬಣ್ಣದ ಕಾರಣಕ್ಕೆ ಪಟ್ಟ ಪಾಡನ್ನು ಅದರ ಪಕ್ಕದಲ್ಲೇ ಇಡಿ.

ಲಾಂಗ್‌ಜಂಪ್ ಅರ್ಹತಾ ಸುತ್ತಿನಲ್ಲಿ ಓವೆನ್ಸ್ ಎರಡು ಸಲ ಫೌಲ್ ಆದಾಗ ಜರ್ಮನಿಯ ಲುಟ್ಸ್ ಲಾಂಗ್ ಬಂದು, ಗೆರೆಗಿಂತ ಹಿಂದಿನಿಂದಲೇ ಹಾರು ಎಂದು ಸಲಹೆ ಕೊಟ್ಟ ಕತೆ ಬಹಳ ಹೃದ್ಯವಾದದ್ದು. ಇದರ ಮೂಲ ಓವೆನ್ಸ್ ಅವರ ಮಾತೇ. ಆದರೆ ಕ್ರೀಡಾ ಇತಿಹಾಸಕಾರ ಟಾಮ್ ಎಕರ್ ಮುಂದೆ ಕೇಳಿದಾಗ, ಸ್ಪರ್ಧೆ ಮುಗಿಯುವವರೆಗೂ ತಾವಿಬ್ಬರೂ ಭೇಟಿಯಾಗಿರಲಿಲ್ಲ ಎಂದು ಓವೆನ್ಸ್ ಒಪ್ಪಿಕೊಂಡರು. ಅವರಿಬ್ಬರ ಗೆಳೆತನ ಮಾತ್ರ ನಿಜ. ಫೈನಲ್ ಮುಗಿದ ಮೇಲೆ, ಹಿಟ್ಲರ್ ನೋಡುತ್ತಿರುವಾಗಲೇ, ಲಾಂಗ್ ಬಹಿರಂಗವಾಗಿ ಅಭಿನಂದಿಸಿದರು. ಓವೆನ್ಸ್ 8.06 ಮೀಟರ್, ಲಾಂಗ್ 7.87 ಮೀಟರ್. ಲಾಂಗ್ 1943ರಲ್ಲಿ ಸಿಸಿಲಿಯ ಯುದ್ಧದಲ್ಲಿ ಸತ್ತರು. ಸಲಹೆಯ ಕತೆಯನ್ನು ಬಿಟ್ಟು ಇಷ್ಟನ್ನೇ ಬರೆದರೂ ಪುಟ ತುಂಬುತ್ತದೆ.

ಓವೆನ್ಸ್ ಹೆಸರಿನಲ್ಲಿ ಸಹಲೇಖಕರ ಜೊತೆ ಬಂದ ಆತ್ಮಕತೆಗಳಿವೆ, ವಿಲಿಯಂ ಬೇಕರ್ 1986ರಲ್ಲಿ ಬರೆದ ಜೀವನಚರಿತ್ರೆಯೂ ಇದೆ. ಇವೆರಡು ಹೊಂದದ ಕಡೆ ಬೇಕರ್ ಕಡೆಗೆ ವಾಲಿ. ಅವರು ದಂತಕತೆಗಳನ್ನು ಆ ದಿನಗಳ ಪತ್ರಿಕೆ, ದಾಖಲೆಗಳಿಗೆ ಹೋಲಿಸಿ ನೋಡಿದ್ದಾರೆ. ಆತ್ಮಕತೆ ಎಂದ ಮಾತ್ರಕ್ಕೆ ಹೆಚ್ಚು ನಿಜ ಎಂದೇನಿಲ್ಲ. ಮನಸ್ಸಿನಲ್ಲಿ ಏನಾಯಿತು ಎನ್ನಲು ಅದು ಅತ್ಯುತ್ತಮ ಆಕರ. ಎಷ್ಟು ಸೆಕೆಂಡ್, ಯಾರು ಮುಂದಿದ್ದರು, ಯಾವ ದಿನ ಎನ್ನಲು ಅಷ್ಟೇ ದುರ್ಬಲ ಆಕರ.

ನಿಮ್ಮ ಪುಸ್ತಕದಲ್ಲಿ ಕುದುರೆ ಮತ್ತು ಮನುಷ್ಯ ಎರಡೂ ಇರುವುದರಿಂದ ಹವಾನಾದ ಓಟವನ್ನು ಬಿಡಬೇಡಿ. 1936ರ ಡಿಸೆಂಬರ್ 26ರಂದು ಕ್ಯೂಬಾದಲ್ಲಿ ಓವೆನ್ಸ್ ಜೂಲಿಯೊ ಮೆಕಾ ಎಂಬ ಕುದುರೆಯ ವಿರುದ್ಧ 100 ಗಜ ಓಡಿ ಗೆದ್ದರು. "ಕುದುರೆಯನ್ನೇ ಸೋಲಿಸಿದ ಮನುಷ್ಯ" ಎಂದು ಹಲವು ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ಅವರಿಗೆ 40 ಗಜ ಮುಂದಿನಿಂದ ಓಟ ಶುರು ಮಾಡುವ ರಿಯಾಯಿತಿ ಇತ್ತು ಎಂಬುದನ್ನು ಬಿಟ್ಟುಬಿಡುತ್ತವೆ. ಮುಂದೆಯೂ ಹೊಟ್ಟೆಪಾಡಿಗಾಗಿ ಇಂಥ ಓಟಗಳನ್ನು ಓಡಿದಾಗ, ಪಿಸ್ತೂಲಿನ ಸದ್ದಿಗೆ ಬೆಚ್ಚುವ ಕುದುರೆಯನ್ನು ಆರಿಸುವುದೇ ಗುಟ್ಟು ಎಂದು ಅವರೇ ವಿವರಿಸಿದ್ದಾರೆ. ಅದು ಸಾವರಿಸಿಕೊಳ್ಳುವ ಹೊತ್ತಿಗೆ ಇವರು ದೂರ ಹೋಗಿರುತ್ತಿದ್ದರು. ನಾಲ್ಕು ಚಿನ್ನ ಗೆದ್ದವನು ಕುದುರೆಯ ಜೊತೆ ಪ್ರದರ್ಶನದ ಓಟ ಓಡಬೇಕಾದ ಸ್ಥಿತಿ ಏಕೆ ಬಂತು ಎಂದು ಮಕ್ಕಳು ಖಂಡಿತ ಕೇಳುತ್ತಾರೆ, ಆ ಪ್ರಶ್ನೆ ಏಳಲಿ. ನಿಜವಾದ ವೇಗದ ಅಂತರ ತೋರಿಸಲು ಒಂದು ಲೆಕ್ಕ ಸಾಕು. ಸೆಕ್ರೆಟೇರಿಯಟ್ 1973ರ ಬೆಲ್ಮಾಂಟ್‌ನಲ್ಲಿ ಒಂದೂವರೆ ಮೈಲಿಯನ್ನು, ಅಂದರೆ 2,414 ಮೀಟರನ್ನು, 2 ನಿಮಿಷ 24 ಸೆಕೆಂಡಿನಲ್ಲಿ ಓಡಿತು: ಸರಾಸರಿ ಗಂಟೆಗೆ 60 ಕಿಲೊಮೀಟರ್. ಉಸೇನ್ ಬೋಲ್ಟ್ 9.58 ಸೆಕೆಂಡಿನ 100 ಮೀಟರ್‌ನಲ್ಲಿ ಸರಾಸರಿ ಗಂಟೆಗೆ 37.6.

ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗ, ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಬಗ್ಗೆ ಚಿಕ್ಕದಾಗಿ. 1954ರ ಮೇ 6ರಂದು ಆಕ್ಸ್‌ಫರ್ಡ್‌ನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ ಅವರು ಮೈಲಿಯನ್ನು 3:59.4ರಲ್ಲಿ ಓಡಿದರು. ಅವರು ಮಾನಸಿಕ ಗೋಡೆ ಒಡೆದ ಒಂದೇ ವರ್ಷದಲ್ಲಿ 37 ಜನ ನಾಲ್ಕು ನಿಮಿಷದೊಳಗೆ ಓಡಿದರು ಎಂದು ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ ಇರುತ್ತದೆ. ಇದು ಶುದ್ಧ ತಪ್ಪು. ಮುಂದಿನ ಒಂದು ವರ್ಷದಲ್ಲಿ ಆ ಸಾಲಿಗೆ ಸೇರಿದ್ದು ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಒಬ್ಬರೇ, ಅದೂ ಜೂನ್ 21ರಂದು. ಮುಂದಿನ ಮೂವರು ಬಂದದ್ದು 1955ರ ಮೇ 28ರಂದು ಲಂಡನ್ನಿನ ಒಂದೇ ಓಟದಲ್ಲಿ. ಬ್ಯಾನಿಸ್ಟರ್ ಗೆದ್ದದ್ದು ಬರೀ ಮನೋಬಲದಿಂದಲ್ಲ, ಲೆಕ್ಕದಿಂದ. ಮೊದಲು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ ಮುಂದೆ ಓಡಿ ವೇಗ ಹಿಡಿದುಕೊಟ್ಟರು. ನಾಲ್ಕು ಸುತ್ತುಗಳು 57.5, 60.7, 62.3, 58.9 ಸೆಕೆಂಡಿನವು. ಈ ನಾಲ್ಕು ಅಂಕಿಗಳನ್ನು ಮಕ್ಕಳ ಮುಂದಿಟ್ಟು ಮೂರನೇ ಸುತ್ತು ಏಕೆ ನಿಧಾನವಾಯಿತು ಎಂದು ಕೇಳಿ. ದೈಹಿಕ ಶಿಕ್ಷಣದ ಒಂದು ಪೂರ್ತಿ ಪಾಠ ಅದರಲ್ಲಿದೆ.

ಮಿಲ್ಖಾ ಸಿಂಗ್ ಅವರ ಅಧ್ಯಾಯ ನಿಮಗೆ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಓದುಗರ ಮನಸ್ಸಿನಲ್ಲಿ ಅದು ಆಗಲೇ ಅಚ್ಚಾಗಿದೆ. ಮೊದಲು ಫಲಿತಾಂಶ ಪಟ್ಟಿ ನೋಡಿ. ರೋಮ್, 1960ರ ಸೆಪ್ಟೆಂಬರ್ 6, 400 ಮೀಟರ್ ಫೈನಲ್: ಓಟಿಸ್ ಡೇವಿಸ್ 44.9, ಕಾರ್ಲ್ ಕೌಫ್‌ಮನ್ 44.9, ಮಾಲ್ಕಮ್ ಸ್ಪೆನ್ಸ್ 45.5, ಮಿಲ್ಖಾ ಸಿಂಗ್ 45.6. ಮೊದಲ ಇಬ್ಬರದೂ ವಿಶ್ವದಾಖಲೆ. ಅದಕ್ಕೆ ಮುಂಚಿನ ದಾಖಲೆ 45.2. ಅಂದರೆ ಮಿಲ್ಖಾ ಚಿನ್ನ ಗೆಲ್ಲಬೇಕಿದ್ದರೆ ಅಲ್ಲಿಯವರೆಗೆ ಲೋಕದಲ್ಲಿ ಯಾರೂ ಓಡದಷ್ಟು ಬೇಗ ಓಡಬೇಕಿತ್ತು. ಅವರ 45.6 ಹಳೆಯ ಒಲಿಂಪಿಕ್ ದಾಖಲೆಯಾಗಿದ್ದ 45.9ಕ್ಕಿಂತ ಚೆನ್ನಾಗಿತ್ತು, ಭಾರತದ ದಾಖಲೆಯಾಗಿ 1998ರವರೆಗೂ ನಿಂತಿತು. ಬದುಕಿನ ಅತ್ಯುತ್ತಮ ಓಟ ಓಡಿದವರನ್ನು "ತಿರುಗಿ ನೋಡಿ ಕೈಚೆಲ್ಲಿದವರು" ಎನ್ನುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಡುವೆ ವೇಗ ತಗ್ಗಿಸಿದ್ದನ್ನು ಮಿಲ್ಖಾ ತಾವೇ ಕೊರಗಿನಿಂದ ಹೇಳಿಕೊಂಡಿದ್ದಾರೆ. ಅದನ್ನು ಅವರ ಮಾತು ಎಂದೇ ಬರೆಯಿರಿ, ಪಕ್ಕದಲ್ಲಿ ಈ ಪಟ್ಟಿ ಕೊಡಿ. ಕಂಚಿಗೆ ಇದ್ದ ಅಂತರ ಸೆಕೆಂಡಿನ ಹತ್ತನೇ ಒಂದು ಭಾಗ; ಆ ನೋವು ನಿಜ, ಅದಕ್ಕೆ ಯಾವ ಉಪ್ಪುಖಾರವೂ ಬೇಡ. ದಂತಕತೆಯಂತೆ ಕೇಳಿಸಿದರೂ ಅಕ್ಷರಶಃ ನಿಜವಾದದ್ದೂ ಇದೆ: 1984ರಲ್ಲಿ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42, ಕಂಚು ಗೆದ್ದ ರೊಮೇನಿಯಾದ ಕೊಜೊಕಾರು 55.41.

ಅನುಮಾನದ ಕತೆಗಳನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ಒಂದೇ ಒಳ್ಳೆಯ ಪುಸ್ತಕವನ್ನು ನಂಬಿ ಅದರ ಹಿಂದೆ ಹೋಗುವುದು ಸುಲಭದ ದಾರಿ. ಕೆಲಸ ಬೇಗ ಮುಗಿಯುತ್ತದೆ, ಆದರೆ ಅದರ ತಪ್ಪುಗಳೆಲ್ಲ ನಿಮ್ಮ ತಪ್ಪಾಗುತ್ತವೆ, ವಾಕ್ಯಗಳು ಹತ್ತಿರ ಹತ್ತಿರ ಬಂದರೆ ಕೃತಿಸ್ವಾಮ್ಯದ ತಕರಾರೂ ಬರಬಹುದು. ನಡೆದ ಸಂಗತಿ, ಅಂಕಿ, ದಿನಾಂಕ ಯಾರ ಸ್ವತ್ತೂ ಅಲ್ಲ. ಲೇಖಕರ ವಾಕ್ಯ ಮತ್ತು ನಿರೂಪಣೆ ಅವರ ಸ್ವತ್ತು, ನಮ್ಮ ಕಾನೂನಿನ ಪ್ರಕಾರ ಅವರು ತೀರಿಕೊಂಡು 60 ವರ್ಷ ಆಗುವವರೆಗೂ. ಅನುಮಾನ ಬಂದದ್ದನ್ನೆಲ್ಲ ಕಿತ್ತುಹಾಕುವುದು ಇನ್ನೊಂದು ದಾರಿ. ತಪ್ಪಾಗುವುದಿಲ್ಲ, ಆದರೆ ಮಕ್ಕಳು ಆ ಕತೆಯನ್ನು ಬೇರೆ ಕಡೆ ಹೇಗೂ ಕೇಳುತ್ತಾರೆ, ಆಗ ನಿಮ್ಮ ಪುಸ್ತಕವೇ ಅಪೂರ್ಣ ಅನ್ನಿಸುತ್ತದೆ. "ಎಂದು ಹೇಳುತ್ತಾರೆ" ಎಂಬ ಬಾಲ ಅಂಟಿಸಿ ಎಲ್ಲವನ್ನೂ ಹಾಕುವುದು ಮೂರನೆಯದು, ಅತಿ ಹೆಚ್ಚು ಜನ ಹಿಡಿಯುವ ದಾರಿ, ನನಗೆ ಅತಿ ಕಡಿಮೆ ಒಪ್ಪಿಗೆಯಾಗುವ ದಾರಿಯೂ ಅದೇ. ಹದಿಮೂರು ವರ್ಷದ ಓದುಗ ಆ ಬಾಲವನ್ನು ಗಮನಿಸುವುದಿಲ್ಲ, ಕತೆ ಮಾತ್ರ ಉಳಿಯುತ್ತದೆ.

ನಾನು ಸೂಚಿಸುವುದು ಹೀಗೆ: ಅಧ್ಯಾಯದ ಮುಖ್ಯ ನಿರೂಪಣೆಯಲ್ಲಿ ಗಟ್ಟಿಯಾದದ್ದು ಮಾತ್ರ ಇರಲಿ. ಕೊನೆಗೆ ಬೇರೆ ಚೌಕದಲ್ಲಿ ಒಂದೋ ಎರಡೋ ದಂತಕತೆಗಳನ್ನು ಇಡಿ, ಪ್ರತಿಯೊಂದಕ್ಕೂ ಯಾರು ಮೊದಲು ಹೇಳಿದರು, ಏನು ಹೊಂದುವುದಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ಎರಡಕ್ಕಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಪುಸ್ತಕ ತಪ್ಪು ಹುಡುಕುವ ಪಟ್ಟಿಯಾಗುತ್ತದೆ.

ಅಳತೆಗಳಲ್ಲಿ ಅನುವಾದಕರು ಎಡವುವುದು ಹೆಚ್ಚಾಗಿ ಇವುಗಳಲ್ಲಿ. ಕುದುರೆಯ ಎತ್ತರವನ್ನು ಕತ್ತು ಬೆನ್ನು ಸೇರುವ ಉಬ್ಬಿನವರೆಗೆ ಅಳೆಯುತ್ತಾರೆ, ತಲೆಯವರೆಗೆ ಅಲ್ಲ. ಒಂದು ಹ್ಯಾಂಡ್ ಎಂದರೆ 4 ಇಂಚು. ಚುಕ್ಕಿಯ ಮುಂದಿನ ಅಂಕಿ ದಶಮಾಂಶವಲ್ಲ, ಇಂಚು. 16.2 ಹ್ಯಾಂಡ್ ಎಂದರೆ 16 ಹ್ಯಾಂಡ್ ಮತ್ತು 2 ಇಂಚು, ಒಟ್ಟು 66 ಇಂಚು, 167.6 ಸೆಂಟಿಮೀಟರ್. ದಶಮಾಂಶ ಎಂದುಕೊಂಡು ಗುಣಿಸಿದರೆ 164.6 ಬರುತ್ತದೆ, ಮೂರು ಸೆಂಟಿಮೀಟರ್ ಕಡಿಮೆ. ಅಮೆರಿಕದ ಹಳೆಯ ರೇಸ್ ಪಟ್ಟಿಗಳಲ್ಲಿ ಸೆಕೆಂಡನ್ನು ಐದನೇ ಭಾಗಗಳಲ್ಲಿ ಬರೆಯುತ್ತಿದ್ದರು. ಸೆಕ್ರೆಟೇರಿಯಟ್‌ನ ಡರ್ಬಿ ಕಾಲ 1 ನಿಮಿಷ 59 ಸೆಕೆಂಡ್ ಮತ್ತು ಐದನೇ ಎರಡು ಭಾಗ, ಅಂದರೆ 1:59.4. ಇದನ್ನು ಕೆಲವೆಡೆ 1:59.2 ಎಂದು ಅಚ್ಚು ಮಾಡಿರುತ್ತಾರೆ. ಅದನ್ನು ದಶಮಾಂಶ ಎಂದು ಓದಬಾರದು. ಫರ್ಲಾಂಗ್ 201 ಮೀಟರ್, ಎಂಟು ಫರ್ಲಾಂಗಿಗೆ ಒಂದು ಮೈಲಿ. ಸ್ಟೋನ್ 14 ಪೌಂಡ್, 6.35 ಕಿಲೊ. 1931ರ ಮೆಲ್ಬರ್ನ್ ಕಪ್‌ನಲ್ಲಿ ಫಾರ್ ಲ್ಯಾಪ್ ಹೊತ್ತದ್ದು 10 ಸ್ಟೋನ್ 10 ಪೌಂಡ್, ಅಂದರೆ 68 ಕಿಲೊ. ಅಂದು ಅದು ಎಂಟನೆಯದಾಗಿ ಬಂತು. ಬಲಿಷ್ಠ ಕುದುರೆಗೆ ಹೆಚ್ಚು ಭಾರ ಹೊರಿಸಿ ಪೈಪೋಟಿ ಸಮ ಮಾಡುವುದು ಹ್ಯಾಂಡಿಕ್ಯಾಪ್ ಓಟದ ನಿಯಮ ಎಂಬ ವಿವರಣೆ ಇಲ್ಲದಿದ್ದರೆ ಮಕ್ಕಳಿಗೆ ಆ ಸೋಲು ಅರ್ಥವಾಗುವುದಿಲ್ಲ. ಲೆಂತ್ ಎಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್. ಬೆಲ್ಮಾಂಟ್‌ನ 31 ಲೆಂತ್ ಅಂತರ ಹೆಚ್ಚುಕಡಿಮೆ 75 ಮೀಟರ್ ಎಂದು ಬರೆಯಬಹುದು, ಆದರೆ "ಸುಮಾರು" ಎಂಬುದನ್ನು ಕೈಬಿಡಬೇಡಿ.

ಕುದುರೆಯ ವಯಸ್ಸಿನ ಲೆಕ್ಕವೂ ಬೇರೆ. ಉತ್ತರ ಗೋಳಾರ್ಧದ ಥರೋಬ್ರೆಡ್‌ಗಳಿಗೆಲ್ಲ ಜನವರಿ 1ಕ್ಕೆ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನವಕ್ಕೆ ಆಗಸ್ಟ್ 1ಕ್ಕೆ ಒಂದು ವರ್ಷ ತುಂಬಿತೆಂದು ಲೆಕ್ಕ. ನಿಜವಾದ ಹುಟ್ಟಿದ ದಿನದಿಂದ ಎಣಿಸಿ ಪುಸ್ತಕ ತಪ್ಪು ಎಂದುಕೊಳ್ಳಬೇಡಿ. ಓಟಗಾರರ ಹಳೆಯ ಕಾಲಗಳಿಗೆ ಬಂದರೆ, ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನ ಅಂಕಿಯನ್ನು ಎಲೆಕ್ಟ್ರಾನಿಕ್ ಅಂಕಿಯ ಪಕ್ಕ ಹಾಗೇ ಇಡಬಾರದು. ಮಿಲ್ಖಾ ಅವರ 45.6 ಸ್ಟಾಪ್‌ವಾಚ್‌ನದು, ಅದೇ ಓಟದ ಎಲೆಕ್ಟ್ರಾನಿಕ್ ಕಾಲ 45.73. ಓವೆನ್ಸ್ 1935ರಲ್ಲಿ 220 ಗಜವನ್ನು 20.3ರಲ್ಲಿ ಓಡಿದ್ದು ತಿರುವಿಲ್ಲದ ನೇರ ಟ್ರ್ಯಾಕಿನಲ್ಲಿ. ಇಂದಿನ 200 ಮೀಟರ್ ಜೊತೆ ಹೋಲಿಸಿದರೆ ಅರ್ಥವಿಲ್ಲ.

ಕಂಬಳದ ಶ್ರೀನಿವಾಸ ಗೌಡರನ್ನು ಖಂಡಿತ ಸೇರಿಸಿ, ಆದರೆ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಬೇಡಿ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅವರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿದರು. ಅಳೆದದ್ದು ಇಷ್ಟೇ. 100 ಮೀಟರಿಗೆ 9.56 ಎಂಬುದು ಭಾಗಾಕಾರದಿಂದ ಬಂದದ್ದು. ಓಟದ ಆರಂಭದಲ್ಲಿ ವೇಗ ಕೂಡಲು ಹಿಡಿಯುವ ಸಮಯ ದೂರ ಹೆಚ್ಚಿದಂತೆ ಹಂಚಿಹೋಗುತ್ತದೆ, ಆದ್ದರಿಂದ 100 ಮೀಟರಿಗಿಂತ ತುಸು ಉದ್ದದ ಓಟವನ್ನು ಹೀಗೆ ಭಾಗಿಸಿದರೆ ಚೆಂದದ ಅಂಕಿಯೇ ಬರುತ್ತದೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 150 ಮೀಟರನ್ನು 14.35ರಲ್ಲಿ ಓಡಿದ್ದನ್ನು ಇದೇ ರೀತಿ ಭಾಗಿಸಿದರೆ, ಆಗಿನ ಅವರ 9.69ರ ವಿಶ್ವದಾಖಲೆಯನ್ನೂ ಮೀರಿಸಿ 9.57 ಬರುತ್ತದೆ, ಅದನ್ನು ಯಾರೂ ದಾಖಲೆ ಎನ್ನಲಿಲ್ಲ. ಮೇಲಾಗಿ ಗೌಡರ ಕೈಯಲ್ಲಿ ಹಗ್ಗವಿತ್ತು, ಮುಂದೆ ಎಳೆಯುವ ಕೋಣಗಳಿದ್ದವು, ಕಾಲಡಿ ಕೆಸರಿತ್ತು. ಅದು ಬೇರೆಯದೇ ವಿದ್ಯೆ, ಅದರದೇ ಕೌಶಲ. ಹಾಗೆಂದೇ ಪ್ರತ್ಯೇಕ ಅಧ್ಯಾಯ ಕೊಡಿ.

ನಮ್ಮ ಕಡೆಯವರೇ ಬೇಕೆಂದರೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದಾರೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಆ ಓಟದ ದೂರ 42.75 ಕಿಲೊಮೀಟರ್, ಇಂದಿನ 42.195ಕ್ಕಿಂತ ಅರ್ಧ ಕಿಲೊಮೀಟರಿಗೂ ಹೆಚ್ಚು. ಕಾಲ ಬರೆದ ಸಾಲಿನಲ್ಲೇ ದೂರವನ್ನೂ ಬರೆಯಿರಿ. ಧಾರವಾಡದಿಂದ ಬೆಳಗಾವಿ ಹತ್ತಿರವೇ ಇರುವುದರಿಂದ ಅಲ್ಲಿನ ಹಳೆಯ ಗ್ರಂಥಾಲಯಗಳಲ್ಲಿ 1920ರ ಪತ್ರಿಕೆಗಳಿಗಾಗಿ ವಿಚಾರಿಸಿ. ಏನಾದರೂ ಸಿಕ್ಕರೆ ಪುಟದ ಚಿತ್ರದ ಜೊತೆ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಯನ್ನು ಅಲ್ಲೇ ಗುರುತು ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಬರೆದುಕೊಂಡರಾಯಿತು ಎಂದು ಬಿಟ್ಟ ವಿವರ ಮತ್ತೆ ಸಿಗುವುದು ಬಹಳ ಕಷ್ಟ.